ಠಾಣೆಯಲ್ಲಿರುವ ಕೋವಿ

ಕೊಟ್ಟಿಗೆಹಾರ
14-10-1999, ಗುರುವಾರ

ಪ್ರೀತಿಯ ಶಾಲಿನಿ ಅಕ್ಕನಿಗೆ,

ಮೊನ್ನೆ ತಾನೇ ಫೋನಿನಲ್ಲಿ ಅಷ್ಟು ನಗಿಸಿದವನು ಇದೇನು ಕಾಗದ ಬರೆದಿದ್ದಾನೆ ಎಂದು ಗಾಬರಿಯಾಗಬೇಡ. ಅಥವಾ ಸ್ವಲ್ಪ ಆಗು. ಫೋನು ನಡುಮನೆಯಲ್ಲಿದೆ, ಅಮ್ಮನ ಕಿವಿಯೂ ಅಲ್ಲೇ ಇರುತ್ತದೆ.

ಎಲೆಕ್ಷನ್‌ಗೆ ಮುಂಚೆ ಎಲ್ಲರಂತೆ ನಾನೂ ಅಪ್ಪನ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಬಂದಿದ್ದೆ. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗೇ ಇದೆಯಲ್ಲ. ಈಗ ಸುತ್ತಲಿನವರೆಲ್ಲ ತಮ್ಮ ತಮ್ಮ ಕೋವಿ ವಾಪಸ್ ತಂದಾಯಿತು, ನಾನು ತಂದಿಲ್ಲ. ಸೋಮವಾರ ಆಯುಧಪೂಜೆ, ನಿಮ್ಮಪ್ಪನ ಕೋವಿ ಇಲ್ದೆ ಎಂಥ ಪೂಜೆ ಮಾರಾಯ ಎಂದು ಅಮ್ಮನ ವರಾತ. ಹಂದಿ ಗದ್ದೆಗೆ ಇಳೀತಾ ಉಂಟು, ಬೇಗ ತನ್ನಿ ಎಂದು ತೋಟದ ರೈಟರ್ ಬೆಳ್ಳಿಯಪ್ಪನವರದು. ಶನಿವಾರ ಇಬ್ಬರೂ ನನ್ನನ್ನು ಜೀಪಿಗೆ ಹತ್ತಿಸಿಕೊಂಡು ಠಾಣೆಗೆ ಹೋಗುವವರೇ.

ಅಕ್ಕ, ಆ ಕೋವಿ ಮನೆಗೆ ಬರಬಾರದು. ನನಗೆ ನನ್ನದೇ ಭಯ.

ಇದು ಶುರುವಾಗಿ ಏಳು ತಿಂಗಳಾಯಿತು. ಕಾಫಿ ಹೂವಾದ ದಿನ ತೋಟದ ನಡುವೆ ನಿಂತಿದ್ದೆ, ಏನೆಂದರೆ ಏನೂ ಅನ್ನಿಸಲಿಲ್ಲ. ಈಗ ಬೆಳಿಗ್ಗೆ ಹಲ್ಲುಜ್ಜುವುದೂ ದೊಡ್ಡ ಕೆಲಸ. ಗೋಣಿಬೀಡಿನ ಮದುವೆಯಲ್ಲಿ ಪಂಕ್ತಿಯನ್ನೆಲ್ಲ ನಗಿಸಿ ಬಂದು, ಅಂಗಳದಲ್ಲಿ ಜೀಪಿನಿಂದ ಇಳಿಯಲಾರದೆ ಅರ್ಧ ಗಂಟೆ ಕೂತಿದ್ದೆ. ಡಾಕ್ಟರು ಬಿ.ಪಿ. ನೋಡಿ, ಗುಂಡುಕಲ್ಲಿನ ಹಾಗಿದ್ದೀರಿ ಎಂದರು. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದಳು ಅಮ್ಮ. ಜ್ವರವಾದರೂ ಬಂದಿದ್ದರೆ ಹಣೆ ಮುಟ್ಟಿ ನೋಡಿ ಎನ್ನಬಹುದಿತ್ತು.

ಠಾಣೆಯ ರಸೀದಿ ಕಳೆದಿದೆ ಎಂದು ಸುಳ್ಳು ಹೇಳಿದ್ದೇನೆ. ಪಾಪ, ಅಮ್ಮ ಬೀರುಗಳನ್ನೆಲ್ಲ ತಡಕಾಡುತ್ತಿದ್ದಾಳೆ. ಅದು ಈ ಕವರಿನಲ್ಲಿದೆ, ನಿನ್ನ ಹತ್ತಿರವೇ ಇರಲಿ. ಆದರೆ ಠಾಣೆಯವರು ಪರಿಚಯದವರು, ರಸೀದಿ ಇಲ್ಲದೆಯೂ ಕೊಟ್ಟುಬಿಟ್ಟಾರು. ನಾನು ಬೇಡ ಎಂದರೆ ಯಾಕೆ ಎನ್ನುತ್ತಾರೆ. ಅಮ್ಮನಿಗೆ ನೀನೇ ಹೇಳು. ನನ್ನ ಬಾಯಲ್ಲಿ ತಮಾಷೆ ಬಿಟ್ಟು ಬೇರೇನೂ ಹೊರಡುತ್ತಿಲ್ಲ. ಹಾಸನದಲ್ಲಿ ಇಂಥದ್ದನ್ನು ನೋಡುವ ಡಾಕ್ಟರಿದ್ದರೆ ವಿಚಾರಿಸು. ನಾನು ಬರುತ್ತೇನೆ, ಹಟ ಮಾಡುವುದಿಲ್ಲ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು.

ನಿನ್ನ ತಮ್ಮ,
ಚಂದ್ರಶೇಖರ

ವಿ.ಸೂ.: ಅಂಚೆಗೆ ಹಾಕಿದರೆ ತಡವಾದೀತೆಂದು ಹಾಸನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಭಾವನ ಅಂಗಡಿಗೆ ಕಳಿಸುತ್ತಿದ್ದೇನೆ. ಉತ್ತರ ಬರೆಯುತ್ತಾ ಕೂರಬೇಡ, ಹೊರಟು ಬಾ. ನಿನ್ನೆಯೂ ನಿನಗೊಂದು ಕಾಗದ ಬರೆದಿದ್ದೆ. ಅದರಲ್ಲಿ ಬಾ ಎಂದು ಬರೆದಿರಲಿಲ್ಲ. ಅದನ್ನು ಬೆಳಿಗ್ಗೆ ಒಲೆಗೆ ಹಾಕಿದೆ.