ಪೆಟ್ಟಿಗೆಯ ಮೇಲೆ ಕೂತ ಹೊತ್ತು

ಮಾರ್ಚ್ 9. ಆರನೇ ದಿನ. ಬಹುಶಃ ಬೆಳಗ್ಗೆ

ಮಹಾಜನಗಳೇ, ಗದ್ದಲ ಬೇಡ! ಮುಂದಿನ ಸಾಲಿನ ದೀಪವೇ, ಹಿಂದಿನ ಸಾಲಿನ ನಾಲ್ಕು ಗೋಡೆಗಳೇ, ಟಿಕೆಟ್ಟಿಲ್ಲದೆ ಗಾಜಿನ ಕಿಂಡಿಯಿಂದ ಇಣುಕುತ್ತಿರುವ ಡಾಕ್ಟರುಗಳೇ — ಸಕಲರಿಗೂ ಕ್ಲಾವ್ದಿಯಾಳ ನಮಸ್ಕಾರ. ಗಂಜಿ ಆಯಿತು. ನಾಡಿ ಎಣಿಸಿದ್ದಾಯಿತು, ಅರವತ್ತೆರಡು. ಇನ್ನು ನಾಟಕ.

ಸದ್ದೇ ನುಸುಳದ ಕೋಣೆ. ಹತ್ತು ದಿನ ಒಬ್ಬಳೇ ಇರುವ ಪರೀಕ್ಷೆ. ಮಾತಾಡಿದರೆ ಕೇಳಿಸಿಕೊಳ್ಳುತ್ತಾರಂತೆ, ಉತ್ತರ ಕೊಡುವುದಿಲ್ಲ. ಥೇಟ್ ಪ್ರೇಕ್ಷಕರು. ನಾವು ಐವರು ಹುಡುಗಿಯರು, ರಾಕೆಟ್ಟಿನಲ್ಲಿ ಸೀಟು ಒಂದೇ. ಇದುವರೆಗೆ ಯಾವ ಹೆಂಗಸೂ ಕೂರದ ಸೀಟು. ಮನೆಯವರಿಗೆ ಗೊತ್ತಾದರೆ ಲಿಸ್ಟಿನಿಂದ ಹೆಸರು ಹೊಡೆದುಹಾಕುತ್ತಾರೆ — ಸಹಿ ಹಾಕಿದ್ದೇನೆ. ಅಮ್ಮನಿಗೆ ಹೇಳಿರುವುದು: ಪ್ಯಾರಾಶೂಟ್ ಪಂದ್ಯದ ತರಬೇತಿ.

ಕಣ್ಣು ಮುಚ್ಚಿದರೆ ನಮ್ಮೂರು ಕೀನೆಶ್ಮಾದ ರಂಗಮಂದಿರ. ವೇದಿಕೆಯ ಕೆಳಗಿನ ಗೂಡಿನಲ್ಲಿ ಅಮ್ಮ, ನಟರು ಮರೆತ ಮಾತನ್ನು ಪಿಸುಗುಟ್ಟುತ್ತಾ. ಅವಳ ಮಡಿಲಲ್ಲಿ ನಾನು. ಹಲಗೆಯ ಸಂದಿನಿಂದ ಬೆಳಕು, ಬೆಳಕಿನಲ್ಲಿ ತೇಲುವ ಧೂಳು... ಅದೇ ನಾನು ಕಂಡ ಮೊದಲ ನಕ್ಷತ್ರ.

ಮಾರ್ಚ್ 14

ಹೊರಗೆ. ಗಾಳಿಗೆ ಇಷ್ಟು ಸದ್ದಿದೆಯೆಂದು ಗೊತ್ತಿರಲಿಲ್ಲ. ಸೂರಿನ ಹಿಮ ಕರಗಿ ತೊಟ್ಟಿಕ್ಕುವುದನ್ನೇ ಒಂದು ಗಂಟೆ ಕೇಳಿದೆ. ಒಳಗೆ ಮೂರನೇ ಅಂಕ ಪೂರ್ತಿ, ಏಳೂ ಪಾತ್ರ, ಆಡಿದೆನಂತೆ. ಐವರಲ್ಲೊಬ್ಬಳಾದ ಪಕ್ಕದ ಮಂಚದ ರಿಮ್ಮಾ ಬೂಟು ಬಿಚ್ಚುತ್ತಾ, "ನಿನ್ನೊಬ್ಬಳನ್ನೇ ಕಳಿಸೋಕಾಗಲ್ಲ ಕಣೇ. ಇಡೀ ನಾಟಕದ ಕಂಪನಿಗೆ ಸೀಟು ಬೇಕಾಗುತ್ತೆ," ಅಂದಳು.

ಏಪ್ರಿಲ್ 21. ರೈಲಿನಲ್ಲಿ

ಊರಿನಲ್ಲಿ ಮೂರು ದಿನದ ರಜೆ ಮುಗಿಯಿತು. ತಪ್ಪು ಮಾಡಿಬಿಟ್ಟೆ.

ವೋಲ್ಗಾ ನದಿಯಲ್ಲಿ ಮಂಜುಗಡ್ಡೆ ಒಡೆದು ತೇಲುತ್ತಿತ್ತು. ಪ್ರಯಾಣ ಹೊರಡುವ ಮುಂಚೆ ಎಲ್ಲರ ಮನೆಯಲ್ಲೂ ಕೂರುವಂತೆ ಅಮ್ಮನೂ ನಾನೂ ಬಟ್ಟೆಪೆಟ್ಟಿಗೆಯ ಮೇಲೆ ಕೂತೆವು, ಮಾತಿಲ್ಲದೆ. ಪಕ್ಕದೂರಿಗಾದರೆ ಒಂದು ಉಸಿರಿನಷ್ಟು ಹೊತ್ತು. ಪಂದ್ಯಕ್ಕಾದರೆ ಎರಡು. ಅವಳ ಕೈ ನೋಡುತ್ತಿದ್ದೆ — ಪುಟ ತಿರುವಿ ತಿರುವಿ ಸವೆದ ಹೆಬ್ಬೆರಳು — ಏಳುವುದನ್ನೇ ಮರೆತೆ. ಟೀ ಕಾಯಿಸುವ ಸಮೋವಾರದ ಗುಂಯ್‌ಗುಡುವಿಕೆ ನಿಂತಿತು. ಆಗಲೂ ಏಳಲಿಲ್ಲ.

ಅಮ್ಮ ಪಿಸುಗುಟ್ಟಿದಳು: "ಕ್ಲಾಶಾ, ಜಿಗಿಯೋ ಪಂದ್ಯಕ್ಕೆ ಇಷ್ಟು ಹೊತ್ತು ಯಾರೂ ಕೂರಲ್ಲ. ನಿಮ್ಮಪ್ಪ ಯುದ್ಧಕ್ಕೆ ಹೊರಟ ದಿನ ಹೀಗೇ ಕೂತಿದ್ರು."

ಅವಳು ನನ್ನ ಮುಖ ನೋಡಲಿಲ್ಲ. ಕಿಟಕಿ ನೋಡಿದಳು, ಅದರಾಚೆ ಆಕಾಶ. ತುಂಬಾ ಹೊತ್ತು. ಆಮೇಲೆ ನನ್ನ ಕೋಟಿನ ಗುಂಡಿ ಹಾಕಿದಳು, ಕುತ್ತಿಗೆಯದೂ ಬಿಡದೆ.

ಬಾಯಿಬಿಡದೆ, ಬರೀ ಕೂತೇ ಹೇಳಿಬಿಟ್ಟೆ! ಅವಳು ನೆರೆಮನೆಯಲ್ಲಿ ಒಂದು ಮಾತು ಅಂದರೂ ಸಾಕು, ನನ್ನ ಆಕಾಶ ಮುಗಿಯಿತು.

ಮೇ 6

ಉಳಿದವರು ಇಬ್ಬರು. ರಿಮ್ಮಾ, ನಾನು. ಗುಟ್ಟು ಬಯಲಾಗಿದೆಯೇ ಎಂದು ನೋಡಲು ಇಬ್ಬರ ಮನೆಗೂ ಪತ್ರಿಕೆಯವನ ವೇಷದಲ್ಲಿ ಒಬ್ಬ ಹೋಗಿಬಂದನಂತೆ. ನಮ್ಮ ತರಬೇತಿ ನೋಡಿಕೊಳ್ಳುವ ಕರ್ನಲ್ ಪ್ರೋಹರ್ ಸವೇಲಿಚ್ ಕರೆಸಿ ವರದಿ ಓದಿದರು.

ಅಮ್ಮ ಅವನಿಗೆ ಟೀ ಕೊಟ್ಟಳಂತೆ. ಮೊದಲ ಜಿಗಿತದಲ್ಲಿ ನಾನು ಎಲೆಕೋಸಿನ ಹೊಲಕ್ಕೆ ಬಿದ್ದದ್ದನ್ನು ಗಂಟೆಗಟ್ಟಲೆ ಬಣ್ಣಿಸಿದಳಂತೆ. ಮಗಳು ಈಗೆಲ್ಲಿ ಎಂದರೆ, ಎಲ್ಲೋ ಜಿಗಿಯುತ್ತಿರುತ್ತಾಳೆ, ಬಿಡುವಾದಾಗ ಕಾಗದ ಬರೆಯುತ್ತಾಳೆ ಎಂದಳಂತೆ. ಅಷ್ಟೇ.

ಕರ್ನಲ್ ಕನ್ನಡಕ ತೆಗೆದರು. "ನಿಮ್ಮಮ್ಮಂಗೆ ನಿಜವಾಗ್ಲೂ ಏನೂ ಗೊತ್ತಿಲ್ವಾ?"

"ಮೂವತ್ತು ವರ್ಷ ನಟರಿಗೆ ಮಾತು ಹೇಳಿಕೊಟ್ಟೋರು, ಪ್ರೋಹರ್ ಸವೇಲಿಚ್. ಸಭೆಗೆ ಒಂದಕ್ಷರ ಕೇಳಿಸಿಲ್ಲ."

ನನ್ನನ್ನೇ ನೋಡಿದರು. ವರದಿ ಮಡಿಸಿ ಡ್ರಾಯರಿಗೆ ಹಾಕಿದರು.

ಮೇ 30

ಅಮ್ಮನ ಕಾಗದ. ಎಂದಿನಂತೆ ಯಾರೋ ಒಡೆದು ಓದಿ ಅಂಟಿಸಿದ್ದು. ಸೌತೆ ಸಸಿ ನೆಟ್ಟಳಂತೆ. ಹೊಸ ನಾಟಕದ ನಾಯಕ ಮಾತು ಮರೆಯುವುದರಲ್ಲಿ ಪ್ರಚಂಡನಂತೆ. ಕೊನೆಗೆ: "ಈಗೀಗ ದಿನಾ ಬೆಳಗ್ಗೆ ಪೆಟ್ಟಿಗೆ ಮೇಲೆ ಸ್ವಲ್ಪ ಹೊತ್ತು ಕೂತ್ಕೋತೀನಿ. ಕೇಳಿದೋರಿಗೆ ಮಂಡಿನೋವು ಅಂದಿದೀನಿ."

ನಾಲ್ಕು ಸಲ ಓದಿದೆ. ಮಧ್ಯಾಹ್ನ ಕಣ್ಣು ಹತ್ತಿದರೆ ಆ ಪೆಟ್ಟಿಗೆ ವೋಲ್ಗಾದಲ್ಲಿ ತೇಲುತ್ತಿತ್ತು, ಅಮ್ಮನ ಸಮೇತ. ನದಿ ನಿಧಾನಕ್ಕೆ ಮೇಲಕ್ಕೆ ಹರಿಯುತ್ತಿತ್ತು...

ಜೂನ್ 11. ಸಂಜೆ 5

ಬಟ್ಟಬಯಲು. ಮಾಚಿಪತ್ರೆಯ ಕಹಿ ವಾಸನೆ. ದೂರದಲ್ಲಿ ರಾಕೆಟ್, ಬೆಳ್ಳಗೆ, ಯಾರೋ ಮರೆತುಹೋದ ಮೇಣದಬತ್ತಿಯಂತೆ.

ಹೆಸರು ಓದಿದರು. ನನ್ನದು.

ರಿಮ್ಮಾ ನನಗೆ ಬದಲಿ. ಕಣ್ಣು ಕೆಂಪಾಗಿತ್ತು. ನನ್ನ ಹೆಲ್ಮೆಟ್ಟಿನ ಗಾಜು ಒರೆಸಿಕೊಟ್ಟು, "ಹೋಗಿ ಬಾರೇ. ಮೇಲೆ ಮಾತು ಮರೆತ್ರೆ ರೇಡಿಯೋದಲ್ಲಿ ನಾನು ಹೇಳಿಕೊಡ್ತೀನಿ," ಅಂದಳು. ಅಪ್ಪಿಕೊಂಡೆ. ಬೇರೇನು ಮಾಡಲಿ.

ಕರ್ನಲ್ ಎಚ್ಚರಿಸಿದರು: ಬಾಗಿಲು ಮುಚ್ಚಿದ ಮೇಲೆ ಎರಡು ಗಂಟೆ ಸುಮ್ಮನೆ ಕೂತಿರಬೇಕು. ಹಾರುವುದಕ್ಕಿಂತ ಅದೇ ಕಷ್ಟ, ಹಿಂದೆ ಹೋದ ಗಂಡಸರಿಗೇ ಸಾಕುಬೇಕಾಗಿತ್ತು. ನನಗೆ ನಗು ಬಂತು. ಯಾಕೆಂದು ಹೇಳುವ ಹಾಗಿಲ್ಲ.

ಮಹಾಜನಗಳೇ, ಎರಡು ಗಂಟೆ! ನಮ್ಮ ವಂಶದಲ್ಲಿ ಅಷ್ಟು ಹೊತ್ತು ಕೂತು ಯಾರೂ ಎಲ್ಲಿಗೂ ಹೊರಟಿಲ್ಲ. ಕೀನೆಶ್ಮಾದಲ್ಲಿ ಸಮೋವಾರ ಹೊತ್ತಿರುತ್ತದೆ. ಅಮ್ಮ ಪೆಟ್ಟಿಗೆಯ ಮೇಲಿರುತ್ತಾಳೆ. ನಾಳೆ ಬೆಳಗ್ಗೆ ರಾಕೆಟ್ಟಿನ ಸೀಟಿನಲ್ಲಿ ನಾನೂ ಕೂರುತ್ತೇನೆ, ಅವಳ ಪಕ್ಕದಲ್ಲೇ ಎಂಬಂತೆ, ಮಾತಿಲ್ಲದೆ. ಆಮೇಲೆ, ಈ ಸಲ ಮರೆಯದೆ, ಏಳುತ್ತೇನೆ —