ಕರಗಿದ ಮನೆಯ ನರಿ

ಪಿನೇಗಾ ನದಿಯ ದಂಡೆ,
ಶುಕ್ರವಾರ, 12 ಮೇ 1961, ಸಂಜೆ ಏಳು.

ಪ್ರೀತಿಯ ಅಳಿಯ ಯೆರ್ಮೊಲಾಯ್,

ನಿನ್ನ ಕೆಮ್ಮು ಹೇಗಿದೆ? ಹಡಗಿನಲ್ಲಿ ಎದೆಗೆ ಉಣ್ಣೆ ಸುತ್ತಿಕೊಳ್ಳುತ್ತೀಯಾ? ನಾವು ಕ್ಷೇಮ. ಇವತ್ತು ಆಲೂಗಡ್ಡೆಗೆ ನೆಲ ಅಗೆದೆವು. ನಿನ್ನ ಮಗಳು ಸ್ತೇಶಾ ಎರೆಹುಳು ಹೆಕ್ಕಿ ಕೋಳಿಗಳಿಗೆ ಹಾಕಿದಳು.

ನನ್ನ ಮಗಳು ಗ್ಲಾಶಾ ತೀರಿಹೋದ ಮೇಲೆ ನೀನು ಕೈಹಿಡಿದ ಉಲ್ಯಾನಾಳ ಮನೆಯನ್ನು ಈ ವಸಂತದ ನೆರೆ ಕೊಚ್ಚಿಕೊಂಡು ಹೋಯಿತು. ನಾನು ಬರುವವರೆಗೆ ಅವಳನ್ನು ನಿನ್ನ ಮನೆಯಲ್ಲಿ ಇಟ್ಟುಕೋ ಎಂದು ನೀನು ಬರೆದೆ, ನಾನು ಬಾಗಿಲು ತೆಗೆದೆ. ಕೆಲಸಗಳ್ಳಿಯಲ್ಲ, ಒಪ್ಪುತ್ತೇನೆ. ಆದರೆ ಸ್ತೇಶಾಗೆ ನಾನು ಹೆಣೆದ ಜಡೆ ಮಧ್ಯಾಹ್ನಕ್ಕೇ ಬಿಚ್ಚಿಹೋಗುತ್ತದೆ, ಅವಳು ಹೆಣೆದದ್ದು ರಾತ್ರಿಯವರೆಗೂ ನಿಲ್ಲುತ್ತದೆ. ತಾಯಿ ಸತ್ತಂದಿನಿಂದ ದೊಡ್ಡ ಒಲೆಯ ಮೇಲಿನ ಬೆಚ್ಚನೆಯ ಮಲಗುಕಟ್ಟೆಯಲ್ಲಿ ನನ್ನ ಬೆನ್ನಿಗಂಟಿ ಮಲಗುತ್ತಿದ್ದ ಮಗು ಈಗ ಅವಳ ಮಂಚ ಹತ್ತುತ್ತದೆ. ನೆರೆಮನೆಯ ಮಾವ್ರಾ ಬೇಲಿಯಾಚೆಯಿಂದ, "ಏನೇ ಫೆಕ್ಲಾ, ನಿನ್ ಮನೇಲಿ ನಿನ್ಗೇ ಜಾಗ ಉಳ್ದಿದ್ಯೋ ಇಲ್ವೋ?" ಎಂದಳು. ನಕ್ಕೆ. ಒಳಗೆ ಉರಿಯಿತು. ಬೇಗ ಬಂದು ಅವಳಿಗೆ ಬೇರೆ ಮನೆ ನೋಡು ಎಂದು ಬರೆಯಲೆಂದೇ ಕಾಗದ ತೆಗೆದಿಟ್ಟಿದ್ದೆ.

ಸಂಜೆಯ ಊಟವಾದ ಮೇಲೆ ಸ್ತೇಶಾಗೆ ಮೊಲದ ಕಥೆ ಹೇಳಿದೆ. ಪಾತ್ರೆ ತೊಳೆಯುತ್ತಿದ್ದ ಉಲ್ಯಾನಾಗೂ ಕೇಳಲಿ ಎಂದು ಬೇಕೆಂದೇ ಗಟ್ಟಿಯಾಗಿ ಹೇಳಿದೆ. ನರಿಯ ಮಂಜುಗಡ್ಡೆ ಮನೆ ಕರಗಿತು; ಒಂದು ರಾತ್ರಿ ತಂಗುತ್ತೇನೆಂದು ಮೊಲದ ಮನೆ ಹೊಕ್ಕಿತು; ಮೊಲವನ್ನೇ ಹೊರಗಟ್ಟಿತು. ಅಳುತ್ತ ಅಲೆಯುತ್ತಿದ್ದ ಮೊಲವನ್ನು ಕಂಡು ಹುಂಜ ಕುಡುಗೋಲು ಹೊತ್ತು ಬಂದು ನರಿಯನ್ನು ಓಡಿಸಿತು. ಸ್ತೇಶಾ ಎಂದಿನಂತೆ ಚಪ್ಪಾಳೆ ತಟ್ಟಲಿಲ್ಲ.

"ಅಜ್ಜೀ, ನರಿ ಮನೆ ಕರಗೋಯ್ತಲ್ಲ, ಅದು ಎಲ್ಲಿ ಮಲ್ಗತ್ತೆ?"

"ಎಲ್ಲಾದ್ರೂ ಬಿದ್ಕೊಳ್ಲಿ. ಕೆಟ್ಟದು ಕಣೇ ಅದು."

"ಕೆಟ್ಟದಕ್ಕೂ ಚಳಿ ಆಗತ್ತಲ್ಲ! ಮೊಲ ಒಂಚೂರು ಸರ್ಕೊಂಡ್ರೆ ಏನಾಗ್ತಿತ್ತು?"

ಪಾತ್ರೆಯ ಸದ್ದು ನಿಂತಿತು. ಉಲ್ಯಾನಾ ಕೈ ಒರೆಸಿಕೊಂಡು ಒಳಗೆ ಹೋಗಿ ತನ್ನ ಪೆಟ್ಟಿಗೆಯನ್ನು ಬಾಗಿಲ ಬಳಿ ತಂದಿಟ್ಟಳು. "ಫೆಕ್ಲಾ ಅತ್ತೆ, ಮಾವ್ರಾ ಕೊಟ್ಟಿಗೆ ಪಕ್ಕ ಜಾಗ ಇದ್ಯಂತೆ. ನಾಳೆ ಹೋಗ್ತೀನಿ," ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಮಗಳ ಜಾಗದಲ್ಲಿ ಅವಳನ್ನು ನೋಡುವಾಗ ಹೊಟ್ಟೆ ಈಗಲೂ ಉರಿಯುತ್ತದೆ, ಸುಳ್ಳು ಹೇಳಲಾರೆ.

ನೀರಿನ ಮೇಲಿರುವ ನಿನ್ನನ್ನು ದೇವರು ಕಾಯಲಿ.

ನಿನ್ನ ಅತ್ತೆ,
ಫೆಕ್ಲಾ

ವಿ.ಸೂ.: ಬೇರೆ ಮನೆ ಹುಡುಕಬೇಡ. ಪೆಟ್ಟಿಗೆಯನ್ನು ನಾನೇ ಎತ್ತಿ ಒಳಗಿಟ್ಟೆ. ನಾಳೆ ಶನಿವಾರ, ಸ್ನಾನದ ಮನೆ ಕಾಯಿಸುತ್ತೇವೆ. ಸ್ತೇಶಾಳ ತಲೆ ತೊಳೆಯುವುದು ಉಲ್ಯಾನಾ.