ಚಪ್ಪಲಿ ಕಾದವನ ಹೇಳಿಕೆ

ಮೇ ತಿಂಗಳ ಮೂವತ್ತೊಂಬತ್ತನೇ ತಾರೀಖು, ಕ್ರಿ.ಶ. 2231

ಸನ್ಮಾನ್ಯ ಪೂರ್ವಜರೇ, ಫ್ಯಾನಿನ ಕೆಳಗೆ ಕುಳಿತ ಪುಣ್ಯವಂತರೇ, ಮಳೆ ಬಂದರೆ ಬೈದುಕೊಳ್ಳುವ ಭಾಗ್ಯವಂತರೇ,

ಇನ್ನೂರು ವರ್ಷ ಮುಂದಿನಿಂದ ನಿಮಗೆ ಸಾಷ್ಟಾಂಗ ನಮಸ್ಕಾರ. ಸಾಷ್ಟಾಂಗ ಎಂದದ್ದು ಮಾತಿಗೆ. ನಮ್ಮ ನೆಲದ ಮೇಲೆ ಎಂಟು ಅಂಗವಿರಲಿ, ಒಂದು ಬೆರಳೂ ಊರಲಾಗುವುದಿಲ್ಲ. ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಮೇ ತಿಂಗಳಿಗೆ ನಲವತ್ತಾರು ದಿನ. ಜೂನ್ ಬರಲೊಪ್ಪದ್ದರಿಂದ ಸರ್ಕಾರವೇ ಮೇ ತಿಂಗಳನ್ನು ಎಳೆದು ಉದ್ದ ಮಾಡಿತು. ಈ ಪತ್ರದಲ್ಲಿ ಗೊತ್ತಿಲ್ಲದ ಪದ ಸಿಕ್ಕರೆ ಕ್ಷಮಿಸಿ, ಪ್ರಾಸ ಸಿಕ್ಕರೆ ಅದನ್ನೂ ಕ್ಷಮಿಸಿ. ಪದ ಕಾಲದ ದೋಷ, ಪ್ರಾಸ ನನ್ನ ದೋಷ.

ಬರೆಯಲು ಕಾರಣವಿದೆ. ಮೊನ್ನೆ ನೂರುಕಂಬದ ಪಾಳುಗುಡಿ ನೋಡಲು ಹನ್ನೊಂದು ಜನ ಹೋಗಿ ಹತ್ತು ಜನ ವಾಪಸು ಬಂದೆವು. ಬಾರದವಳು ನನ್ನ ಅಕ್ಕ ವನಮಾಲಾ. ವಿಚಾರಣಾ ಮಂಡಳಿಯವರು ನನಗೆ ಒಂದೇ ಪ್ರಶ್ನೆ ಕಳಿಸಿದ್ದಾರೆ: ಆಕೆ ಒಳಗಿನಿಂದ ಕೈ ಬೀಸಿದ್ದು ನಿಮಗೆ ಕಾಣಲಿಲ್ಲವೆ? ಉತ್ತರಕ್ಕೆ ಒಂದು ಸಾಲು ಜಾಗ ಬಿಟ್ಟಿದ್ದಾರೆ. ಒಂದು ಸಾಲಿನಲ್ಲಿ ಹೇಳಲು ಬಾರದೆ ಇಷ್ಟು ದೂರ, ನಿಮ್ಮ ತನಕ, ಬಂದಿದ್ದೇನೆ.

ನಮ್ಮ ಕಾಲದ ಬದುಕನ್ನು ಸ್ವಲ್ಪ ಹೇಳಬೇಕು. ಇಲ್ಲಿ ಮಗು ಹುಟ್ಟಿದರೆ ಹೆಸರಿಡುವ ಮೊದಲು ನೆರಳುಪಾಲು ಬರೆಸುತ್ತೇವೆ, ಅಂದರೆ ಊರಿನ ನೆರಳಿನಲ್ಲಿ ಆ ಜೀವಕ್ಕೆ ಸಲ್ಲುವ ಎರಡು ಮೊಳ ಜಾಗ. ಹೆಣ್ಣು ಕೊಡುವವರು ಗಂಡಿನ ಕೆಲಸ ಕೇಳುವುದಿಲ್ಲ, ಅವರ ಮನೆಯ ಬೇವಿನಮರ ಯಾವ ದಿಕ್ಕಿಗಿದೆ ಎಂದು ಕೇಳುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಊರಲ್ಲಿ ಕಾವುಗಂಟೆ ಬಾರಿಸುತ್ತಾರೆ. ಅದಾದ ಮೇಲೆ ಬೀದಿಯಲ್ಲಿ ಉಳಿಯುವವರು ಎರಡೇ ಬಗೆ: ಹುಚ್ಚರು ಮತ್ತು ಪ್ರವಾಸಿಗರು. ಕೂಲಿಯವರನ್ನು ಎಣಿಸಿಲ್ಲ, ಯಾವ ಕಾಲದಲ್ಲೂ ಎಣಿಸಿದಂತಿಲ್ಲ. ಮಜ್ಜಿಗೆಯನ್ನು ಮಾತ್ರೆ ಮಾಡಿದ್ದೇವೆ, ಒಗ್ಗರಣೆ ಹಾಕಿದ್ದು ಬೇರೆ, ಹಾಕದ್ದು ಬೇರೆ. ಇಷ್ಟೆಲ್ಲ ಸುಧಾರಿಸಿದರೂ ಬಾಡಿಗೆ ಗಾಡಿ ಪಂಕ್ಚರ್ ಆಗುವುದು ನಿಂತಿಲ್ಲ. ಎಂಟು ಗಂಟೆಗೆ ಗುಡಿ ಸೇರಬೇಕಿದ್ದ ನಾವು ಸೇರಿದ್ದು ಹನ್ನೊಂದೂವರೆಗೆ. ವಾಪಸು ಹೋಗೋಣ ಎಂದು ಯಾರೂ ಅನ್ನಲಿಲ್ಲ. ಇಷ್ಟು ದೂರ ಬಂದು ನೋಡದೆ ಹೋಗುವುದು ನಮ್ಮ ಮನೆತನದಲ್ಲಿಲ್ಲ.

ಗುಡಿ ಎಂದರೆ ಮುಂದೆ ಒಂದು ಹೆಬ್ಬಾಗಿಲು, ಹಿಂದೆ ಗರ್ಭಗುಡಿ, ನಡುವೆ ನೂರು ಹೆಜ್ಜೆಯ ಕಲ್ಲುಹಾಸು. ಕಲ್ಲುಹಾಸಿನ ಮೇಲೆ ಕಂಬಗಳಿವೆ, ಮೇಲೆ ಚಾವಣಿಯಿಲ್ಲ. ಬಾಗಿಲ ಪಕ್ಕದಲ್ಲಿ ಬೋರ್ಡು: ಇಲ್ಲಿ ವಿಗ್ರಹವಿಲ್ಲ, ಪೂಜೆ ನಿಂತು ಶತಮಾನಗಳಾಗಿವೆ. ಅಕ್ಕ ಮೂವತ್ತೆರಡು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು. ಬೋರ್ಡನ್ನು ಮಕ್ಕಳಿಗೆ ಕೇಳುವಂತೆ ಗಟ್ಟಿಯಾಗಿ ಓದಿದಳು. ಓದಿ, ಚಪ್ಪಲಿ ಬಿಟ್ಟಳು.

ಅಕ್ಕಾ, ಒಳಗೆ ದೇವರಿಲ್ಲವಂತೆ, ಅಂದೆ. "ಬರೆದೋರು ಹೋಗಿ ನೋಡ್ಕೊಂಡು ಬಂದಿದಾರೇನೋ? ಸಂಬಳ ಬರುತ್ತೆ, ಬರೀತಾರೆ" ಅಂದಳು. ಹಿರಿಯಳೇ ಬಿಟ್ಟ ಮೇಲೆ ಉಳಿದವರು ಬಿಡದಿರಲು ಧೈರ್ಯ ಬೇಕು. ಎಲ್ಲರೂ ಬಿಟ್ಟರು. ಆಗ ನಮ್ಮ ಕುಲಾಚಾರದಂತೆ ಒಂದು ಹುದ್ದೆ ಖಾಲಿಯಾಯಿತು. ಎಲ್ಲಿಗೆ ಹೋದರೂ ನಮ್ಮಲ್ಲಿ ಒಬ್ಬರು ಹೊರಗೆ ಕೂತು ಚಪ್ಪಲಿ ಕಾಯಬೇಕು. ಕೋತಿಗಳಿವೆ, ನಾನು ಕೂರ್ತೀನಿ, ಎಂದು ಹೆಬ್ಬಾಗಿಲ ನೆರಳಿಗೆ ಸರಿದೆ. ಕೋತಿಗಳೆಲ್ಲ ಆ ಬಿಸಿಲಿಗೆ ಯಾವಾಗಲೋ ಊರು ಬಿಟ್ಟಿದ್ದವು. ಅಕ್ಕನಿಗೆ ಅದು ಗೊತ್ತಿತ್ತು. "ನಿನಗೆ ಇತಿಹಾಸ ಬೇಡ ಕಣೋ ಸೋಮಾರಿ, ನೆರಳು ಬೇಕು" ಅಂದು, ನೀರಿನ ಬಾಟಲಿಯನ್ನೂ ನನ್ನ ಮಡಿಲಿಗೆ ಹಾಕಿದಳು. ಗುಡಿಯೊಳಗೆ ಬಾಟಲಿ ಕಚ್ಚಿ ಕುಡಿದರೆ ಎಂಜಲು.

ಹೋಗುತ್ತ ಒಂದು ಸಾಲು ಎಸೆದಳು. ಅದು ನಮ್ಮ ಹಳೆಯ ಆಟ. ಅವಳು ನನಗಿಂತ ಹದಿಮೂರು ವರ್ಷ ದೊಡ್ಡವಳು; ನಾನು ಊಟ ಮಾಡದೆ ಹಟ ಹಿಡಿದರೆ ಒಂದು ಸಾಲು ಹೇಳಿ, ನಾನು ಪ್ರಾಸ ಕೂಡಿಸಿದರೆ ಒಂದು ತುತ್ತು ಇಡುತ್ತಿದ್ದಳು. ನನಗೆ ನಲವತ್ತಾರಾದರೂ ಆ ಆಟ ನಿಂತಿರಲಿಲ್ಲ. "ಕಂಬ ನೂರು, ದೇವರು ಯಾರು?" ಅಂದಳು. "ನೆರಳು ಚೂರು, ಕುಡಿ ನೀರು" ಅಂದೆ. ತಿರುಗಿ ನೋಡದೆ, ಪರವಾಗಿಲ್ಲ ಎನ್ನುವಂತೆ ಕೈಯಾಡಿಸಿ ಹೋದಳು. ಬಾಟಲಿ ನನ್ನ ಮಡಿಲಲ್ಲೇ ಇತ್ತು.

ಹತ್ತು ನಿಮಿಷಕ್ಕೆ ಉಳಿದ ಒಂಬತ್ತು ಜನ ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತ ಓಡಿಬಂದರು. ಚಪ್ಪಲಿ ಸಿಕ್ಕಿಸಿಕೊಂಡು ಉಸ್ ಉಸ್ ಎನ್ನುತ್ತ ಗಾಡಿಯ ಏಸಿಗೆ ಹೋದರು. ನನ್ನ ಮುಂದೆ ಒಂದೇ ಜೊತೆ ಉಳಿಯಿತು. ಬೂದು ಬಣ್ಣದ್ದು, ಎಡಗಾಲಿನ ಪಟ್ಟಿಗೆ ಎರಡು ಸಲ ಹೊಲಿಗೆ ಹಾಕಿಸಿದ್ದು. ಅಕ್ಕ ಗರ್ಭಗುಡಿಗೆ ಮೂರು ಪ್ರದಕ್ಷಿಣೆ ಹಾಕದೆ ಬರುವವಳಲ್ಲ. ಹಾಕಿ ಮುಗಿಸುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಕಂಬಗಳ ನೆರಳೆಲ್ಲ ಕಂಬಗಳ ಬುಡಕ್ಕೆ ಹೋಗಿ ಸೇರಿತ್ತು. ಅವಳ ಕಾಲ ಕೆಳಗೆ ಸೀರೆಯಂಚಿನಷ್ಟು ನೆರಳು, ಮುಂದೆ ನೂರು ಹೆಜ್ಜೆ ಕಾದ ಕಾವಲಿ. ಎರಡು ಹೆಜ್ಜೆ ಇಟ್ಟು ವಾಪಸು ಹೋದಳು. ಆಮೇಲೆ ಬಲಗೈ ಎತ್ತಿ ಬೀಸಿದಳು. ನಾನೂ ಬೀಸಿದೆ. ಮತ್ತೆ ಬೀಸಿದಳು. ಫೋಟೋ ತೆಗೆದೆ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೊರಟಳು. ಅರ್ಧ ದಾರಿ ಬಂದು, ಒಂದು ಕಂಬ ಹಿಡಿದುಕೊಂಡು, ಕೂತಳು. ಕೂತದ್ದಲ್ಲ ಎಂದು ಗೊತ್ತಾದಾಗ ನಾನು ಓಡಿದೆ. ಓಡುವಾಗ ಕೈಯಲ್ಲಿ ಚಪ್ಪಲಿ ಇತ್ತು. ಅವಳ ಅಂಗಾಲಿನ ಚರ್ಮ ಕಿತ್ತು ಬಂದಿತ್ತು. ಬಾಯಿಗೆ ಬಿಟ್ಟ ನೀರು ಕೆನ್ನೆಯ ಮೇಲೆ ಹರಿದು ಕಲ್ಲಿಗೆ ಬಿದ್ದು, ನೋಡನೋಡುತ್ತ ಆರಿಹೋಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಾತು ನಿಂತಿತ್ತು. ಸಂಜೆಗೆ ಉಳಿದದ್ದೂ ನಿಂತಿತು. ನಾನು ಅತ್ತಿಲ್ಲ. ಯಾಕೆಂದು ಕೇಳಬೇಡಿ, ನನಗೂ ತಿಳಿದಿಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಪ್ರಾಸ ಮಾತ್ರ ತಾನಾಗಿ ಬರುತ್ತಲೇ ಇದೆ, ನಲ್ಲಿ ಕೆಟ್ಟ ಹಾಗೆ:

ಗೋಪುರವಿಲ್ಲ, ಗಂಟೆಯಿಲ್ಲ, ಗರ್ಭಗುಡಿಗೆ ಬಾಗಿಲಿಲ್ಲ;
ಒಳಗೆ ಬರಲು ಬಿಸಿಲಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಆದ್ದರಿಂದ ಪೂರ್ವಜರಲ್ಲಿ ಒಂದು ಬಿನ್ನಹ. ಪಾಳುಗುಡಿಗೆ ಹೋದರೆ ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಿ. ದೇವರಿದ್ದರೆ ಕ್ಷಮಿಸುತ್ತಾನೆ, ಇಲ್ಲದಿದ್ದರೆ ಕೇಳುವವರೇ ಇಲ್ಲ. ಬಿಟ್ಟೇ ಹೋಗುವುದಾದರೆ, ಕಾಯಲು ನನ್ನಂಥವನನ್ನು ಕೂರಿಸಬೇಡಿ. ಮಂಡಳಿಯ ಆ ಒಂದು ಸಾಲಿನಲ್ಲಿ ನಾನು ತುಂಬಿಕೊಟ್ಟ ಉತ್ತರ ಇದು: ಕಂಡಿತು, ಆದರೆ ಫೋಟೋ ತೆಗೆ ಎನ್ನುತ್ತಿದ್ದಾಳೆ ಎಂದುಕೊಂಡೆ. ಇಂತಿ ನಿಮ್ಮ ಮರಿಮಕ್ಕಳ ಮರಿಮಗ,

ಇಂಚರಾ, ಇಲ್ಲಿಗೆ ನಿಲ್ಲಿಸುತ್ತೇನೆ.

2231 ಇಲ್ಲ. ಮಂಡಳಿ ಇಲ್ಲ. ಹೋದ ತಿಂಗಳು, ನಿಮ್ಮಮ್ಮನ ಹದಿಮೂರನೇ ದಿನ, ಎಲೆ ಎತ್ತುತ್ತ ನೀನು ಕೇಳಿದೆ: "ಮಾವ, ಅಮ್ಮ ಕೈ ಬೀಸಿದ್ದು ನಿಮಗೆ ಕಾಣ್ಲಿಲ್ವಾ?" ಫೋಟೋಗೆ ಅಂದುಕೊಂಡೆ ಪುಟ್ಟಾ, ಅಂದೆ. ನೀನು ನಂಬಿ, ನನಗೇ ಸಮಾಧಾನ ಹೇಳಿದೆ.

ಆ ಫೋಟೋ ನಿನಗೆ ಕಳಿಸಿಲ್ಲ. ಅದರಲ್ಲಿ ಅವಳ ಬಲಗೈ ಮೇಲಿದೆ, ಎಡಗೈ ಕಾಲು ತೋರಿಸುತ್ತಿದೆ. ಚಪ್ಪಲಿ ತಾ ಅಂತಿದ್ದಳು. ನನಗೆ ಅರ್ಥವಾಗಿತ್ತು. ನೆರಳಿನಾಚೆ ಬಿಸಿಲು ಜಾಸ್ತಿ ಇತ್ತು. ಐದು ನಿಮಿಷ ಬಿಟ್ಟು ಹೋಗೋಣ ಅಂತ ಕೂತೆ.